ಮನೆಯಲ್ಲೇ ಸ್ಟೆಪ್ ಮತ್ತು ಡ್ಯಾನ್ಸ್ ಕಾರ್ಡಿಯೊ: 14 ತಿಂಗಳು ಮಾಡಿದ ಮೇಲೆ

14 ತಿಂಗಳಿಂದ ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ವಿಡಿಯೊ ನೋಡಿಕೊಂಡು ಮನೆಯಲ್ಲೇ ಕಾರ್ಡಿಯೊ, ಅಂದರೆ ಎದೆಬಡಿತ ಏರಿಸುವ ವ್ಯಾಯಾಮ, ಮಾಡುತ್ತಿದ್ದೇನೆ. ಎರಡು ದಿನ ಸ್ಟೆಪ್ ಬೋರ್ಡ್ (ಹತ್ತಿ ಇಳಿಯುವ ತಗ್ಗು ಹಲಗೆ) ಮೇಲೆ, ಎರಡು ದಿನ ಬರೀ ನೆಲದ ಮೇಲೆ ಡ್ಯಾನ್ಸ್. ಇದಕ್ಕೂ ಮೊದಲು ಹಗ್ಗ ಜಿಗಿಯುವುದು, ನಿಂತಲ್ಲೇ ಓಡುವುದು ಎಲ್ಲ ಶುರು ಮಾಡಿ ಬಿಟ್ಟಿದ್ದೆ. ಇದೊಂದು ಉಳಿಯಿತು. ಗಡಿಯಾರ ನೋಡುವ ಅಭ್ಯಾಸವೇ ತಪ್ಪಿಹೋಯಿತು, ಅದಕ್ಕೇ ಉಳಿಯಿತು ಅನ್ನಿಸುತ್ತದೆ. ಮುಂದಿನ ಹೆಜ್ಜೆ ಯಾವುದು ಅನ್ನುವುದರಲ್ಲೇ ತಲೆ ಮುಳುಗಿರುತ್ತದೆ.

ಆದರೆ ಎಲ್ಲ ವಿಡಿಯೊ ಒಂದೇ ಥರ ಅಲ್ಲ. ನಾನು ಮೊದಲು ಆರಿಸಿಕೊಂಡದ್ದು ಹಾಡು ಚೆನ್ನಾಗಿದೆ ಅಂತ. ಶಿಕ್ಷಕಿ ಎಷ್ಟು ಚೆಂದ ಕುಣಿಯುತ್ತಿದ್ದರೆಂದರೆ ನೋಡುತ್ತಲೇ ನಿಲ್ಲಬೇಕು. ಆದರೆ 'ಟರ್ನ್' ಅನ್ನುವ ಮಾತು ಅವರ ಬಾಯಿಂದ ಬರುವಷ್ಟರಲ್ಲಿ ಅವರ ಕಾಲು ಆಗಲೇ ತಿರುಗಿರುತ್ತಿತ್ತು. ನಾನು ತಿರುಗಿದಾಗ ಟಿವಿ ನನ್ನ ಬೆನ್ನ ಹಿಂದೆ. ಮತ್ತೆ ಮುಂದಕ್ಕೆ ಬರುವಾಗ ಅವರು ಇನ್ನೆರಡು ಹೆಜ್ಜೆ ಮುಂದೆ. ಮೂರು ವಾರ ಹೀಗೇ ಒದ್ದಾಡಿದೆ. ನನ್ನ ಕೈಲಿ ಆಗುವುದಿಲ್ಲ ಅಂದುಕೊಂಡಿದ್ದೆ.

ಆಮೇಲೆ ಇನ್ನೊಬ್ಬ ಶಿಕ್ಷಕರ ವಿಡಿಯೊ ಸಿಕ್ಕಿತು. ಅವರು ಹಾಡಿನ ಬೀಟ್‌ಗೆ ಒಂದರಿಂದ ಎಂಟರವರೆಗೆ ಎಣಿಸುವಾಗ ಐದು, ಆರು ಬರುವಾಗಲೇ ಮುಂದಿನ ಹೆಜ್ಜೆಯ ಹೆಸರು ಹೇಳಿ, ಕೈಯಲ್ಲಿ ದಿಕ್ಕನ್ನೂ ತೋರಿಸುತ್ತಿದ್ದರು. 'ಬೇಸಿಕ್, ಬೇಸಿಕ್... ಈಗ ವಿ ಸ್ಟೆಪ್.' ಅಷ್ಟೇ. (ಬೇಸಿಕ್ ಅಂದರೆ ನೇರ ಹತ್ತಿ ಇಳಿಯುವುದು, ವಿ ಸ್ಟೆಪ್ ಅಂದರೆ ಕಾಲಗಲಿಸಿ ಹತ್ತಿ, ಕೂಡಿಸಿ ಇಳಿಯುವುದು.) ಅದೇ ಕಾಲು, ಅದೇ ಬೋರ್ಡ್, ಆದರೆ ಒಂದೇ ವಾರದಲ್ಲಿ ಹೆಜ್ಜೆ ಕೂಡಿಬಂತು. ಹಾಗಾಗಿ ನಾನು ಈಗ ವಿಡಿಯೊ ಅಳೆಯುವುದು ಇದೊಂದರಿಂದಲೇ: ಹೆಜ್ಜೆ ಬರುವುದಕ್ಕೆ ಮುಂಚೆ ಹೇಳುತ್ತಾರಾ, ಬಂದ ಮೇಲೆ ಹೇಳುತ್ತಾರಾ? ಐದು ನಿಮಿಷ ಕೂತು ನೋಡಿದರೆ ಗೊತ್ತಾಗುತ್ತದೆ. ನಮ್ಮ ಎದುರಿಗೆ ನಿಂತವರು 'ಬಲ' ಅಂದಾಗ ತಾವು ಎಡಗಾಲು ಎತ್ತುತ್ತಾರಾ ಅನ್ನುವುದನ್ನೂ ನೋಡಿ. ಕನ್ನಡಿಯ ಹಾಗೆ ಮಾಡಿ ತೋರಿಸುವವರ ಜೊತೆ ತಲೆ ಗೊಂದಲವಾಗುವುದಿಲ್ಲ.

ಒಳ್ಳೆಯವರು ಪಾಠ ಕಟ್ಟುವ ರೀತಿಯೂ ಬೇರೆ. ಸಾಮಾನ್ಯವಾಗಿ 32 ಎಣಿಕೆಯ ಒಂದು ತುಂಡು ಇರುತ್ತದೆ, ಅಂದರೆ ಎಂಟರ ನಾಲ್ಕು ಸಾಲು. ಮೊದಲು ಸುಮ್ನೆ ಮಂಡಿ ಎತ್ತಿಸುತ್ತಾರೆ. ನಾಲ್ಕು ಸಲ ಆದ ಮೇಲೆ ಅದೇ ಜಾಗಕ್ಕೆ ಮ್ಯಾಂಬೊ (ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತರುವ ಹೆಜ್ಜೆ), ಆಮೇಲೆ ಮ್ಯಾಂಬೊ ಜೊತೆ ಚಾ-ಚಾ (ಮೂರು ಚುರುಕು ಹೆಜ್ಜೆ). ಕೊನೆಗೆ ಇಡೀ ತುಂಡನ್ನು ಎಡಗಾಲಿನಿಂದ ಶುರು ಮಾಡಿಸುತ್ತಾರೆ. ಬಲಗಾಲಿಗೆ ಬಾಯಿಪಾಠ ಆಗಿದ್ದದ್ದು ಎಡಗಾಲಿಗೆ ಹೊಸದಾಗಿ ಕಲಿಸಬೇಕು. ನನಗೆ ಅತಿ ಇಷ್ಟವಾದ ಭಾಗ ಇದೇ.

ಮಂಡಿಯ ವಿಷಯ ಹೇಳಲೇಬೇಕು. ಸ್ಟೆಪ್ ಏರೋಬಿಕ್ಸ್ ಬೆಳೆದದ್ದೇ ಮಂಡಿ ಪೆಟ್ಟಿನಿಂದ. 1980ರ ದಶಕದ ಕೊನೆಯಲ್ಲಿ ಜಿನ್ ಮಿಲ್ಲರ್ ಎಂಬ ಅಮೆರಿಕದ ಶಿಕ್ಷಕಿ, ಪೆಟ್ಟಾದ ಮಂಡಿಗೆ ಬಲ ಬರಲಿ ಅಂತ ಹತ್ತಿ ಇಳಿಯುವ ವ್ಯಾಯಾಮ ಮಾಡುತ್ತಾ ಇದನ್ನು ರೂಪಿಸಿದರು. ಆದರೆ ತಪ್ಪಾಗಿ ಮಾಡಿದರೆ ಇದೇ ಮಂಡಿ ಕೆಡಿಸುತ್ತದೆ. ಮೂರನೇ ತಿಂಗಳಲ್ಲಿ ಬೋರ್ಡಿನ ಎತ್ತರವನ್ನು ನಾಲ್ಕು ಇಂಚಿನಿಂದ ಸೀದಾ ಎಂಟು ಇಂಚಿಗೆ ಏರಿಸಿದೆ. ಹತ್ತೇ ದಿನದಲ್ಲಿ ಮಂಡಿಯ ಮುಂಭಾಗ ನೋಯತೊಡಗಿತು. ಫೋನ್ ನೆಲದ ಮೇಲಿಟ್ಟು ನನ್ನ ಪಾದಗಳನ್ನೇ ವಿಡಿಯೊ ಮಾಡಿದೆ. ಹಿಮ್ಮಡಿ ಬೋರ್ಡಿನ ಅಂಚಿನಿಂದ ಆಚೆ ನೇತಾಡುತ್ತಿತ್ತು. ಇಳಿಯುವಾಗ ಒಂದು ಮಾರು ದೂರಕ್ಕೆ ಕಾಲಿಡುತ್ತಿದ್ದೆ.

ಎರಡು ವಾರ ಬಿಟ್ಟು, ಮತ್ತೆ ನಾಲ್ಕು ಇಂಚಿನಿಂದ ಶುರು ಮಾಡಿದೆ. ಹತ್ತುವಾಗ ಇಡೀ ಪಾದ ಬೋರ್ಡಿನ ಮೇಲೆ. ಇಳಿಯುವಾಗ ಬೋರ್ಡಿನ ಹತ್ತಿರವೇ, ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ. ಮೇಲೆ ನಿಂತಾಗ ಮಂಡಿಯನ್ನು ಬಿಗಿಯಾಗಿ ಹಿಂದಕ್ಕೆ ಚಾಚಬಾರದು. ಒಂದೇ ಕಾಲಿನ ಮೇಲೆ ನಿಂತು ಇನ್ನೊಂದು ಮಂಡಿಯನ್ನು ಐದಕ್ಕಿಂತ ಜಾಸ್ತಿ ಸಲ ಎತ್ತಿಸುವ ವಿಡಿಯೊಗಳನ್ನೂ ಕೈಬಿಟ್ಟೆ. ನೋವು ಮತ್ತೆ ಬಂದಿಲ್ಲ. ಈಗಾಗಲೇ ಮಂಡಿ ತೊಂದರೆ ಇರುವವರು ದಯವಿಟ್ಟು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ವೇಗವೂ ಮುಖ್ಯ. ಸ್ಟೆಪ್‌ಗೆ ನಿಮಿಷಕ್ಕೆ 118ರಿಂದ 128 ಬೀಟ್ ಸಾಕು. ಅದಕ್ಕಿಂತ ಜೋರಾದರೆ ಪಾದ ಪೂರ್ತಿ ಊರುವುದಕ್ಕೆ ಸಮಯವೇ ಸಿಗುವುದಿಲ್ಲ.

ಡ್ಯಾನ್ಸ್ ವಿಡಿಯೊಗಳು ಬೇರೆ ಲೋಕ. ಜುಂಬಾ (ಲ್ಯಾಟಿನ್ ಸಂಗೀತಕ್ಕೆ ಕುಣಿಯುವ ವ್ಯಾಯಾಮ) ಥರದವುಗಳಲ್ಲಿ ಮಾತು ಕಡಿಮೆ, ನೋಡಿಕೊಂಡೇ ಹಿಂಬಾಲಿಸಬೇಕು. ತಪ್ಪಿದರೂ ಬೀಟ್ ಜೊತೆ ಕಾಲಾಡಿಸುತ್ತಿದ್ದರೆ ನಡೆಯುತ್ತದೆ. ಮನಸ್ಸು ಭಾರವಾದ ದಿನ ನಾನು ಹಾಕುವುದು ಇದನ್ನೇ. ಒಂದು ಎಚ್ಚರ: ಓಟದ ಶೂ ಬೇಡ. ಅದರ ಅಡಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಸೊಂಟ ತಿರುಗಿದರೂ ಪಾದ ತಿರುಗುವುದಿಲ್ಲ, ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ಅಡಿ ನುಣುಪಾಗಿರುವ ಶೂ ಹಾಕಿಕೊಂಡ ಮೇಲೆ ನನಗೆ ತುಂಬಾ ಹಗುರಾಯಿತು.

'ಇಷ್ಟು ಕ್ಯಾಲರಿ ಕರಗುತ್ತದೆ' ಅಂತ ಶೀರ್ಷಿಕೆಯಲ್ಲಿ ಬರೆದಿರುತ್ತಾರಲ್ಲ, ಅದನ್ನು ನಂಬಬೇಡಿ. ನಿಮ್ಮ ತೂಕ ಅವರಿಗೆ ಗೊತ್ತಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಇದ್ದರೆ ಮಧ್ಯಮ ಮಟ್ಟದ ವ್ಯಾಯಾಮ ಆಯಿತು. ಅಂಥದ್ದು ವಾರಕ್ಕೆ 150ರಿಂದ 300 ನಿಮಿಷ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನದು 160.

ದುಡ್ಡು ಕೊಟ್ಟು ಸೇರಿದ್ದ ಒಂದು ಆ್ಯಪ್ ಬಗ್ಗೆ ಬೇಸರವಿದೆ. ಎರಡು ತಿಂಗಳು ಕಲಿತು ಹದಕ್ಕೆ ತಂದುಕೊಂಡಿದ್ದ ವಿಡಿಯೊವನ್ನು ಹೇಳದೆ ಕೇಳದೆ ತೆಗೆದುಹಾಕಿದರು. ಅಂದಿನಿಂದ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲು ಬಿಡುವ ಕಡೆ ಮಾತ್ರ ದುಡ್ಡು ಕೊಡುತ್ತೇನೆ.

ಈಗ ಆರು ಇಂಚಿನಲ್ಲಿದ್ದೇನೆ. ಮೂರು ವಾರಕ್ಕೇ ಬಿಟ್ಟಿದ್ದ ಆ ಚೆಂದ ಕುಣಿಯುವ ಶಿಕ್ಷಕಿಯ ವಿಡಿಯೊವನ್ನು ಹೋದ ತಿಂಗಳು ಮತ್ತೆ ಹಾಕಿದೆ. ಅವರು ಹೇಳುವುದು ಈಗಲೂ ತಡವೇ. ಆದರೆ ಬೆನ್ನ ಹಿಂದೆ ಟಿವಿ ಇದ್ದಾಗಲೂ ಮುಂದೇನು ಅಂತ ಕಾಲಿಗೆ ಗೊತ್ತಿತ್ತು.