ಮನೆಗೆಲ್ಲ ಒಂದೇ ಪ್ರಿಂಟರ್: ನಾಲ್ಕು ದಾರಿ ನೋಡಿದ ಮೇಲೆ ನನ್ನ ಓಟು ಕೇಬಲ್‌ಗೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಿಂಟರ್‌ನ ಹಿಂದೆ ಲ್ಯಾನ್ ಕೇಬಲ್ ಸಿಕ್ಕಿಸುವ ಪೋರ್ಟ್ ಇದ್ದರೆ, ಅದನ್ನು ನೇರವಾಗಿ ರೂಟರ್‌ಗೆ ಸೇರಿಸಿ. ವೈಫೈ ಇದ್ದರೂ ಸರಿ, ಕೇಬಲ್ಲೇ ಹಾಕಿ. ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಡೆಸ್ಕ್‌ಟಾಪ್, ನಾಲ್ಕು ಫೋನ್ ಇವೆ. ಎಲ್ಲದಕ್ಕೂ ಒಂದೇ ಪ್ರಿಂಟರ್ ಸಾಕು ಅಂತ ಹೊರಟವನು ಬೇರೆ ದಾರಿಗಳನ್ನೆಲ್ಲ ಸುತ್ತಿ ಇಲ್ಲಿಗೆ ಬಂದು ನಿಂತಿದ್ದೇನೆ.

ಮೊದಲು ನಮ್ಮಲ್ಲಿ ಇದ್ದದ್ದು ಯುಎಸ್‌ಬಿ ಲೇಸರ್ ಪ್ರಿಂಟರ್. ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ, ಅಲ್ಲಿಂದ ಶೇರ್ ಮಾಡಿದ್ದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಆದರೆ ಆ ಡೆಸ್ಕ್‌ಟಾಪ್ ಯಾವಾಗಲೂ ಆನ್ ಆಗಿರಬೇಕು, ಸ್ಲೀಪ್‌ಗೂ ಹೋಗಿರಬಾರದು. ಮಗಳು ಸ್ಕೂಲಿಗೆ ಹೊರಡುವ ಹೊತ್ತಲ್ಲಿ ಒಂದು ಪುಟ ಬೇಕು ಅಂದರೆ, ಮೊದಲು ಇನ್ನೊಂದು ಕೋಣೆಗೆ ಹೋಗಿ ಕಂಪ್ಯೂಟರ್ ಎಬ್ಬಿಸಬೇಕಿತ್ತು. ಫೋನ್‌ಗಳಿಗಂತೂ ಆ ಪ್ರಿಂಟರ್ ಕಾಣಿಸುತ್ತಲೇ ಇರಲಿಲ್ಲ. ಹಿಂದೆ ವಿಂಡೋಸ್‌ನಲ್ಲಿ ಹೋಮ್‌ಗ್ರೂಪ್ ಅಂತ ಒಂದು ಸುಲಭದ ವ್ಯವಸ್ಥೆ ಇತ್ತು. 2018ರಲ್ಲಿ, ವಿಂಡೋಸ್ 10ರ 1803 ಆವೃತ್ತಿಯಲ್ಲಿ ಅದನ್ನು ತೆಗೆದರು. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ನಿಯಮಗಳು ಇನ್ನೂ ಬಿಗಿಯಾದವು. ಶೇರ್ ಆದ ಪ್ರಿಂಟರ್‌ನ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ತಂತ್ರಾಂಶ) ಹಾಕಿಕೊಳ್ಳಲೂ ಅಡ್ಮಿನ್ ಅನುಮತಿ ಬೇಕು. ಬಿಗಿ ಮಾಡಿದ್ದು ಸರಿಯೇ. ಆದರೆ ಮನೆಮಂದಿಗೆ ಪ್ರತಿ ಸಲ ಅದನ್ನು ಬಿಡಿಸಿ ಹೇಳುವಷ್ಟು ಸಮಯ ನನಗಿಲ್ಲ.

ರೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿ ನೋಡಿದೆ. ಪ್ರಿಂಟ್ ಬಂತು. ಟೋನರ್ ಎಷ್ಟಿದೆ ಅಂತ ಗೊತ್ತಾಗಲಿಲ್ಲ, ಫೋನ್‌ಗೆ ಸಿಗಲಿಲ್ಲ. ಎರಡು ವಾರಕ್ಕೆ ಬಿಟ್ಟೆ.

ಆಮೇಲೆ ವೈಫೈ ಪ್ರಿಂಟರ್ ಕೊಂಡೆ. ಲ್ಯಾನ್ ಪೋರ್ಟ್ ಇರುವ ಮಾಡೆಲ್‌ಗೆ ಸ್ವಲ್ಪ ಜಾಸ್ತಿ ಕೊಡಬೇಕಿತ್ತು. ಮುಂದೆ ಬೇಕಾಗಬಹುದು ಅಂತ ಅದನ್ನೇ ತಂದೆ. ಆ ಒಂದು ನಿರ್ಧಾರವೇ ಕೊನೆಗೆ ಕೈ ಹಿಡಿಯಿತು. ಮೊದಲ ತಿಂಗಳು ವೈಫೈಯಲ್ಲಿ ಚೆನ್ನಾಗಿ ನಡೆಯಿತು. ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ‘ಆಫ್‌ಲೈನ್’ ಅಂತ ಬರತೊಡಗಿತು. ಪ್ರಿಂಟರ್ ಆನ್ ಇದೆ, ವೈಫೈ ದೀಪ ಉರಿಯುತ್ತಿದೆ, ಫೋನ್‌ನಿಂದ ಪ್ರಿಂಟ್ ಬರುತ್ತಿದೆ. ಲ್ಯಾಪ್‌ಟಾಪ್‌ಗೆ ಮಾತ್ರ ಅದು ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದರೆ ಸರಿಯಾಗುತ್ತಿತ್ತು, ಹತ್ತು ದಿನ ಬಿಟ್ಟು ಮತ್ತೆ ಅದೇ ಗೋಳು. ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಮೂರು ಸಲ ಕೂತಿತ್ತು, ಯಾವುದು ಅಸಲಿ ಅಂತ ಯಾರಿಗೂ ತಿಳಿಯದು.

ಕಾರಣ ಸಿಕ್ಕಿದ್ದು ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ವಿವರದ ಪುಟ ತೆಗೆದಾಗ. ರೂಟರ್ ಪ್ರತಿ ಸಾಧನಕ್ಕೂ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಹುಡುಕುವ ಸಂಖ್ಯೆಯನ್ನು, ಸ್ವಲ್ಪ ಕಾಲಕ್ಕೆ ಮಾತ್ರ ಕೊಡುತ್ತದೆ. ಬಾಡಿಗೆ ಮನೆ ಇದ್ದಂತೆ. ರೂಟರ್ ಮತ್ತೆ ಶುರುವಾದಾಗ ಆ ವಿಳಾಸ ಬದಲಾಗಬಹುದು. ಲ್ಯಾಪ್‌ಟಾಪ್ ಮಾತ್ರ ಇನ್‌ಸ್ಟಾಲ್ ಮಾಡಿದ ದಿನದ ವಿಳಾಸಕ್ಕೇ ಪುಟ ಕಳಿಸುತ್ತಿತ್ತು. ಫೋನ್ ಪ್ರತಿ ಸಲವೂ ಹೊಸದಾಗಿ ಹುಡುಕುತ್ತದೆ, ಹಾಗಾಗಿ ಅದಕ್ಕೆ ತೊಂದರೆ ಆಗಲಿಲ್ಲ.

ಪರಿಹಾರ ರೂಟರ್‌ನಲ್ಲಿದೆ. ಅದರ ಸೆಟಿಂಗ್ಸ್‌ನಲ್ಲಿ, ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಜಾಗ ಇರುತ್ತದೆ. ಪ್ರಿಂಟರ್‌ನ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆ) ಕೊಟ್ಟು ಒಂದು ಐಪಿಯನ್ನು ಅದಕ್ಕೇ ಕಾದಿರಿಸಿ. ಲ್ಯಾಪ್‌ಟಾಪ್‌ನಲ್ಲಿ ಹಳೇ ನಕಲುಗಳನ್ನೆಲ್ಲ ಅಳಿಸಿ, ಪ್ರಿಂಟರ್ ಹೊಸದಾಗಿ ಸೇರಿಸುವಾಗ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ ಆ ಐಪಿಯನ್ನೇ ಬರೆಯಿರಿ. ನನಗೆ ಇಷ್ಟಾದ ಮೇಲೂ ಆಗಾಗ ‘ಆಫ್‌ಲೈನ್’ ಬರುತ್ತಿತ್ತು. ಆ ಪೋರ್ಟ್‌ನ ಸೆಟಿಂಗ್ಸ್‌ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಅಂತ ಒಂದು ಟಿಕ್ ಇರುತ್ತದೆ. ಪ್ರಿಂಟರ್ ಇದ್ದೀಯಾ ಅಂತ ಕಂಪ್ಯೂಟರ್ ಅದರ ಮೂಲಕ ಕೇಳುತ್ತದೆ, ಸರಿಯಾದ ಉತ್ತರ ಬರದಿದ್ದರೆ ಆಫ್‌ಲೈನ್ ಅಂದುಕೊಳ್ಳುತ್ತದೆ. ಟಿಕ್ ತೆಗೆದೆ. ನಿಂತಿತು.

ಹಾಗಾದರೆ ವೈಫೈಯಲ್ಲೇ ಇರಬಹುದಿತ್ತು, ಅಲ್ವಾ? ಇರಬಹುದಿತ್ತು. ಆದರೆ ತುಂಬಾ ಹೊತ್ತು ಸುಮ್ನೆ ಇದ್ದಾಗ ನಮ್ಮ ಪ್ರಿಂಟರ್ ವೈಫೈಯಿಂದ ಕಳಚಿಕೊಳ್ಳುತ್ತಿತ್ತು. ನಮ್ಮದು ದಿನಾ ಪ್ರಿಂಟ್ ತೆಗೆಯುವ ಮನೆಯಲ್ಲ. ವಾರಕ್ಕೆ ನಾಲ್ಕೈದು ಪುಟ, ಅದೂ ಅವಸರದಲ್ಲಿ. ಅಂಥ ಮನೆಗೆ ಕೇಳಿದ ತಕ್ಷಣ ಎಚ್ಚರವಾಗುವ ಪ್ರಿಂಟರ್ ಬೇಕು. ಕೇಬಲ್ ಹಾಕಿದ ದಿನದಿಂದ ಹಾಗೇ ಆಗಿದೆ. ಫೋನ್‌ಗಳು ಮೊದಲಿನಂತೆ ವೈಫೈಯಲ್ಲೇ ಇವೆ, ಅವೂ ಪ್ರಿಂಟ್ ಮಾಡುತ್ತವೆ. ಎಲ್ಲವೂ ಒಂದೇ ರೂಟರ್‌ನ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಸಾಕು. ಗೆಸ್ಟ್ ವೈಫೈಯಲ್ಲಿರುವವರಿಗೆ ಸಾಮಾನ್ಯವಾಗಿ ಪ್ರಿಂಟರ್ ಸಿಗುವುದಿಲ್ಲ.

ಕೇಬಲ್‌ಗೆ ಬದಲಾಗುವವರು ಒಂದು ವಿಷಯ ಗಮನಿಸಿ. ಪ್ರಿಂಟರ್‌ನ ವೈಫೈಗೆ ಒಂದು ಮ್ಯಾಕ್ ವಿಳಾಸ, ಲ್ಯಾನ್ ಪೋರ್ಟ್‌ಗೆ ಇನ್ನೊಂದು ಇರುತ್ತದೆ. ವೈಫೈಗೆ ಕಾದಿರಿಸಿದ ಐಪಿ ತಾನಾಗಿ ಕೇಬಲ್‌ಗೆ ಬರುವುದಿಲ್ಲ. ಹೊಸದಾಗಿ ಕಾದಿರಿಸಬೇಕು. ಇದಕ್ಕೆ ನನ್ನ ಒಂದು ಸಂಜೆ ಹೋಯಿತು.

ಕೇಬಲ್ ಎಳೆಯುವುದು ಕಷ್ಟ ಅನ್ನುವವರಿಗೆ: ಪ್ರಿಂಟರ್‌ ಅನ್ನೇ ರೂಟರ್ ಪಕ್ಕಕ್ಕೆ ತನ್ನಿ. ಪುಟ ತರಲು ನಾಲ್ಕು ಹೆಜ್ಜೆ ನಡೆದರೆ ಆಯಿತು. ಮತ್ತೆ, ಪ್ರಿಂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ಪ್ರಿಂಟ್ ಮಾಡಬೇಕು ಅಂತ ರೂಟರ್‌ನಲ್ಲಿ 9100ನೇ ಪೋರ್ಟ್ (ಪುಟಗಳು ಪ್ರಿಂಟರ್‌ಗೆ ಬರುವ ನೆಟ್‌ವರ್ಕ್ ಬಾಗಿಲು) ತೆರೆಯಲೇಬೇಡಿ.

ಹಳೇ ಯುಎಸ್‌ಬಿ ಲೇಸರ್ ಈಗ ತಮ್ಮನ ಮನೆಯಲ್ಲಿದೆ. ಅದನ್ನು ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಸಿಕ್ಕಿಸಿ, ಕಪ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟೆ. 2002ರಿಂದ ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುತ್ತಿರುವುದೂ ಇದೇ. ಈಗ ಅವನ ಫೋನ್‌ನಿಂದಲೂ ಪ್ರಿಂಟ್ ಬರುತ್ತದೆ. ಹೊಸದು ಕೊಳ್ಳುವ ಬಜೆಟ್ ಇಲ್ಲದವರಿಗೆ ಇದು ನನ್ನ ಎರಡನೇ ಆಯ್ಕೆ. ಬೋರ್ಡ್ ಕೊಳ್ಳುವ ಮೊದಲು ನಿಮ್ಮ ಪ್ರಿಂಟರ್‌ಗೆ ಆ ಬೋರ್ಡ್‌ನ ಎಆರ್‌ಎಂ ಚಿಪ್‌ನಲ್ಲಿ ನಡೆಯುವ ಲಿನಕ್ಸ್ ಡ್ರೈವರ್ ಇದೆಯೇ ನೋಡಿ. ಕೆಲವು ಮಾಡೆಲ್‌ಗಳಿಗೆ ಮಾಮೂಲಿ ಕಂಪ್ಯೂಟರ್‌ಗೆ ಮಾತ್ರ ಡ್ರೈವರ್ ಕೊಟ್ಟಿರುತ್ತಾರೆ.