ಆರಂಕಿ ಸಂಖ್ಯೆ ಒಡೆಯಲು ಮೂರು ದಾರಿ: ನಮ್ಮ ಪಿನ್ ಕೋಡ್‌ಗಳ ಮೇಲೆ ಒಂದು ಹೋಲಿಕೆ

ಧಾರವಾಡ 580001, ಹುಬ್ಬಳ್ಳಿ 580020, ಗದಗ 582101, ಹಾವೇರಿ 581110. ಈ ಪಿನ್ ಕೋಡ್‌ಗಳನ್ನು ಬರೀ ಪೂರ್ಣಾಂಕಗಳೆಂದು ಹಿಡಿದು, ಅವಿಭಾಜ್ಯವೋ ಸಂಯುಕ್ತವೋ ಎಂದು ಮೂರು ವಿಧಾನ ಹಚ್ಚಿ ನೋಡಿದ್ದೇವೆ: ಅವಿಭಾಜ್ಯಗಳಿಂದ ಸಾಲಾಗಿ ಭಾಗಿಸುವುದು, ಗಣಿತಜ್ಞ ಫರ್ಮಾನ ವರ್ಗವ್ಯತ್ಯಾಸ, ಮಿಲ್ಲರ್–ರಾಬಿನ್ ಪರೀಕ್ಷೆ. ಆರಂಕಿಯವರೆಗೆ ನಮ್ಮ ಮೊದಲ ಆಯ್ಕೆ ಭಾಗಾಕಾರವೇ.

ಹುಬ್ಬಳ್ಳಿಯದಕ್ಕೆ ಬೇರೆ ವಿಧಾನ ಬೇಕೇ ಇಲ್ಲ. 580020 = 2² × 3 × 5 × 7 × 1381. ಒಟ್ಟು 48 ಭಾಜಕಗಳು; ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 1277388, ಸಂಖ್ಯೆಯ ಎರಡು ಪಟ್ಟಿಗೂ ಹೆಚ್ಚು.

ನಿಜವಾದ ಪೈಪೋಟಿ ಗದಗದ ಸಂಖ್ಯೆಯಲ್ಲಿದೆ. ಭಾಗಿಸುತ್ತ ಹೋದರೆ ಆರನೆಯ ಅವಿಭಾಜ್ಯಕ್ಕೇ ಉತ್ತರ: 13 × 44777. ಫರ್ಮಾನ ವಿಧಾನದಲ್ಲಿ ವರ್ಗಮೂಲದ ಮೇಲಿನ ಮೊದಲ ಪೂರ್ಣಾಂಕ 763ರಿಂದ ಶುರುಮಾಡಿ, ಒಂದೊಂದರ ವರ್ಗದಿಂದಲೂ 582101 ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡಬೇಕು. ಅದು 22395ಕ್ಕೆ ಬಂದು ನಿಲ್ಲುತ್ತದೆ, 21633ನೆಯ ಹೆಜ್ಜೆಯಲ್ಲಿ! ನಿಲ್ಲುವ ಜಾಗ ಎರಡು ಅಪವರ್ತನಗಳ ಸರಾಸರಿ. ಅವು ದೂರವಿದ್ದಷ್ಟೂ ದಾರಿ ಉದ್ದ. ಅದೇ ಸಂಖ್ಯೆಗೆ 32 ಕೂಡಿಸಿ, 582133 ಆಗಲಿ. 763² − 582133 = 36 = 6², ಮೊದಲ ಹೆಜ್ಜೆಯಲ್ಲೇ (763 − 6) × (763 + 6), ಅಂದರೆ 757 × 769 ಕೈಗೆ ಸಿಗುತ್ತದೆ. ಇಲ್ಲಿ ಭಾಗಾಕಾರ 134ನೆಯ ಅವಿಭಾಜ್ಯದವರೆಗೆ ಹೋಗಬೇಕು. ಹಾಗಾಗಿ ಸಣ್ಣ ಅವಿಭಾಜ್ಯಗಳು ಮುಗಿದ ಮೇಲೆ ಫರ್ಮಾನ ಹತ್ತಿಪ್ಪತ್ತು ಹೆಜ್ಜೆ ಹಾಕಿ ನೋಡುವುದು ಲಾಭ, ಅದಕ್ಕಿಂತ ಹೆಚ್ಚು ಬೇಡ.

ಹಾವೇರಿಯ 581110ರ ಮೇಲೆ ಫರ್ಮಾನ ವಿಧಾನ ಎಂದೂ ನಿಲ್ಲುವುದಿಲ್ಲ. ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗಗಳ ವ್ಯತ್ಯಾಸಕ್ಕೆ ಶೇಷ 2 ಬರಲಾರದು, ಈ ಸಂಖ್ಯೆಗೆ ಬರುವುದು ಅದೇ. ಮೊದಲು 2 ತೆಗೆಯಲೇಬೇಕು. 2 × 5 × 58111, ಕೊನೆಯದು ಅವಿಭಾಜ್ಯ.

ಧಾರವಾಡದ 580001 ಅವಿಭಾಜ್ಯ. ಭಾಗಾಕಾರದಿಂದ ಸಾಧಿಸಲು 761ರವರೆಗಿನ 135 ಅವಿಭಾಜ್ಯಗಳನ್ನೂ ಹಚ್ಚಿ ನೋಡಬೇಕು. 4ರಿಂದ ಭಾಗಿಸಿದರೆ ಶೇಷ 1 ಆದ್ದರಿಂದ ಇದು ಎರಡು ವರ್ಗಗಳ ಮೊತ್ತವೂ ಹೌದು, ಅದೂ ಒಂದೇ ರೀತಿಯಲ್ಲಿ: 760² + 49². ಇಂಥ ಕಡೆ ಮಿಲ್ಲರ್–ರಾಬಿನ್ ಗೆಲ್ಲುತ್ತದೆ. 580000 = 2⁵ × 18125 ಎಂದು ಬರೆದು, 2ರ 18125ನೆಯ ಘಾತವನ್ನು 580001ರಿಂದ ಭಾಗಿಸಿ ಶೇಷ ತೆಗೆಯಿರಿ. ಅದು 1 ಅಥವಾ 580000 ಆದರೆ ಪಾಸು. ಇಲ್ಲವಾದರೆ ನಾಲ್ಕು ಸಲದವರೆಗೆ ಶೇಷವನ್ನು ವರ್ಗ ಮಾಡಿ ಮತ್ತೆ ಶೇಷ ತೆಗೆಯುತ್ತ 580000 ಬರುತ್ತದೆಯೇ ನೋಡಿ. 3ರಿಂದಲೂ ಹೀಗೇ ಮಾಡಿ. 1373653ಕ್ಕಿಂತ ಚಿಕ್ಕ ಬೆಸಸಂಖ್ಯೆ ಎರಡರಲ್ಲೂ ಪಾಸಾದರೆ ಅವಿಭಾಜ್ಯವೆಂಬುದು ಖಚಿತ. 2 ಒಂದೇ ಸಾಲದು: 2047 = 23 × 89 ಅದರಲ್ಲಿ ಪಾಸಾಗಿಬಿಡುತ್ತದೆ. ಫೇಲಾದ ಸಂಖ್ಯೆಯ ಅಪವರ್ತನ ಯಾವುದೆಂದು ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ.

ಲೆಕ್ಕ ಕೆಡುವುದು ವರ್ಗ ಮಾಡುವಾಗ. ಶೇಷದ ವರ್ಗ 12 ಅಂಕಿ ಮುಟ್ಟುತ್ತದೆ. ಹತ್ತಂಕಿಯ ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ತೋರಿಸುವುದಿಲ್ಲ, ಮುಂದಿನ ಶೇಷವೆಲ್ಲ ತಪ್ಪು. ಅಂಗಡಿಯ 12 ಅಂಕಿಯ ಕ್ಯಾಲ್ಕುಲೇಟರ್ ಸಾಕು. ಸಿ ಭಾಷೆಯಲ್ಲಿ ಬರೆಯುವವರು 'ಇಂಟ್' ಬಿಟ್ಟು 'ಲಾಂಗ್ ಲಾಂಗ್' ಬಳಸಬೇಕು.