ಜಾಲಿ ಮುಳ್ಳಿನ ದಾರಿಗೆ ಗ್ರಾವೆಲ್ ಸೈಕಲ್: ಟೈರ್, ಗೇರ್, ಬ್ರೇಕ್ ಬದಲಾಯಿಸಿದ ಮೇಲೆ

ತುಮಕೂರು ಕಡೆ ಸೈಕಲ್ ಹೊಡೆಯುವವರಿಗೆ ಜಾಲಿ ಮುಳ್ಳಿನ ಪರಿಚಯ ಮಾಡಿಸಬೇಕಿಲ್ಲ. ಕೆರೆ ಏರಿ, ಹೊಲದ ಬದು, ಊರಾಚೆಯ ಬಂಡಿ ಜಾಡು, ಎಲ್ಲಿ ಹೋದರೂ ಬೇಲಿಗೆ ಹಾಕಿದ ಜಾಲಿ ಒಣಗಿ ದಾರಿಗೆ ಉದುರಿರುತ್ತದೆ. ನಾನು ಗ್ರಾವೆಲ್ ಸೈಕಲ್ ತಗೊಂಡಿದ್ದೇ ಇಂಥ ದಾರಿಗಳಿಗೆ. ಆದರೆ ಮೊದಲ ನಾಲ್ಕು ತಿಂಗಳು ಸೈಕಲ್ ಹೊಡೆದದ್ದಕ್ಕಿಂತ ಪಂಚರ್ ಹಾಕಿದ್ದೇ ಜಾಸ್ತಿ ಅನಿಸುತ್ತದೆ.

ಈಗ ಎರಡು ವರ್ಷವಾಯಿತು. ಸೈಕಲ್ ಅಲ್ಯುಮಿನಿಯಂ ಫ್ರೇಮಿನದು, ರೋಡ್ ಬೈಕಿನ ಹಾಗೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, ಸಸ್ಪೆನ್ಷನ್ ಇಲ್ಲ. ಫ್ರೇಮ್ ಗಟ್ಟಿ ಇದೆ, ಅದರ ಬಗ್ಗೆ ಅಷ್ಟು ಸಾಕು. ಬರೆಯಬೇಕು ಅನಿಸಿದ್ದು ಆಮೇಲೆ ಹಾಕಿಸಿದ ಮೂರು ಸಾಮಾನಿನ ಬಗ್ಗೆ, ಅದರಲ್ಲೂ ಟೈರ್ ಬಗ್ಗೆ.

ಹಾಕಿಸಿದ್ದು ಶ್ವಾಲ್ಬೆ ಜಿ-ಒನ್ ಆಲ್‌ರೌಂಡ್, 700x40 (ಅಂದರೆ 40 ಮಿ.ಮೀ. ಅಗಲ), ಟ್ಯೂಬ್‌ಲೆಸ್. ಮೈಮೇಲೆಲ್ಲ ಸಣ್ಣ ಸಣ್ಣ ದುಂಡನೆ ಗುಂಡಿಯಂಥ ಉಬ್ಬು ಇರುವ ಟೈರ್. ಒಳಗೆ ಟ್ಯೂಬಿನ ಬದಲು ಸೀಲೆಂಟ್ ಅನ್ನುವ ಹಾಲಿನಂಥ ದ್ರವ ಇರುತ್ತದೆ. ಮೈದನಹಳ್ಳಿ ಕೃಷ್ಣಮೃಗ ಧಾಮದ ಹೊರಗಿನ ಮಣ್ಣು ದಾರಿಯಲ್ಲಿ ಒಂದು ಬೆಳಿಗ್ಗೆ ಹಿಂದಿನ ಚಕ್ರದಿಂದ ಸುಯ್ ಅಂತ ಸದ್ದು ಬಂತು. ಇಳಿದು ನೋಡಿದರೆ ಅರ್ಧ ಬೆರಳುದ್ದದ ಮುಳ್ಳು. ಕಿತ್ತೆ, ಬಿಳಿ ಹನಿ ಚಿಮ್ಮಿತು. ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದುಕೊಂಡೆ, ನೊರೆ ಬಂತು, ಸದ್ದು ನಿಂತಿತು. ಎರಡು ನಿಮಿಷವೂ ಆಗಿರಲಿಲ್ಲ. ಸ್ವಲ್ಪ ಗಾಳಿ ತುಂಬಿಕೊಂಡು ಹೊರಟೆ. ಮೊದಲಾಗಿದ್ದರೆ ಬಿಸಿಲಲ್ಲಿ ಕೂತು ಟೈರ್ ಬಿಚ್ಚಬೇಕಿತ್ತು.

ಪಂಚರ್ ಕಮ್ಮಿಯಾಗಿದ್ದಷ್ಟೇ ಅಲ್ಲ, ಸವಾರಿಯೇ ಬೇರೆ ಆಯಿತು. ಟ್ಯೂಬ್ ಇದ್ದಾಗ ಗಾಳಿ ಕಮ್ಮಿ ಇಟ್ಟರೆ ಕಲ್ಲಿಗೆ ಬಡಿದು ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತಿತ್ತು, ಆ ಭಯಕ್ಕೆ 55 ಪಿಎಸ್‌ಐ ತುಂಬಿಸಿ ಕೈಯೆಲ್ಲ ಜುಮ್ ಅನ್ನುವಷ್ಟು ಅದುರಿಸಿಕೊಂಡು ಬರುತ್ತಿದ್ದೆ. ಈಗ ಮುಂದೆ 32, ಹಿಂದೆ 36. ನನ್ನ ತೂಕ 70 ಕೆಜಿ, ನೀವು ಇನ್ನೂ ಜಾಸ್ತಿ ಇದ್ದರೆ ಒಂದೆರಡು ಏರಿಸಿಕೊಳ್ಳಿ. ಜಲ್ಲಿ ಹಾಕಿ ಟಾರ್ ಹಾಕದೆ ಬಿಟ್ಟ ರಸ್ತೆ ನಮ್ಮಲ್ಲಿ ಎಷ್ಟಿವೆ ಅಲ್ವಾ, ಅಲ್ಲಿ ಈ ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಟಾರ್ ರಸ್ತೆಯಲ್ಲೂ ಎಳೆಯುವುದಿಲ್ಲ. ಇದಕ್ಕೆ ಆಗದಿರುವುದು ಒಂದೇ, ಮಳೆ ಬಂದ ಮೇಲೆ ಕೆರೆ ಪಕ್ಕದ ಜೇಡಿ ಮಣ್ಣು. ಉಬ್ಬುಗಳ ಮಧ್ಯೆ ಮಣ್ಣು ಮೆತ್ತಿಕೊಂಡು ಟೈರ್ ನುಣ್ಣಗಾಗಿ ಜಾರುತ್ತದೆ. ಮಳೆಗಾಲವೆಲ್ಲ ಕೆಸರಲ್ಲೇ ಓಡಿಸುವವರು ದೊಡ್ಡ ಗುಬುಟಿನ ಟೈರನ್ನೇ ನೋಡಿ.

ಹಾಕಿಸುವಾಗ ಒಂದು ಎಚ್ಚರ. ನಾನು ಮೊದಲು ಹೋದ ಅಂಗಡಿಯಲ್ಲಿ ರಿಮ್ಮಿನ ಒಳಗೆ ಅಂಟಿಸುವ ಟೇಪ್ ಕಿರಿದಾಗಿತ್ತು. ರಾತ್ರಿ ಬೆಳಗಾಗುವಷ್ಟರಲ್ಲಿ ಕಡ್ಡಿಗಳ ಬುಡದಿಂದ ಬಿಳಿ ನೀರು ಇಳಿದು ಗಾಳಿ ಪೂರ್ತಿ ಹೋಗಿತ್ತು. ಟೇಪ್ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಇರಬೇಕು. ಆಮೇಲೆ ಸರಿಯಾದ ಟೇಪ್ ತರಿಸಿ ನಾನೇ ಅಂಟಿಸಿದೆ, ಆದರೆ ಕೈ ಪಂಪಿನಲ್ಲಿ ಟೈರ್ ರಿಮ್ಮಿಗೆ ಕೂರಲಿಲ್ಲ. ಹೈವೇ ಪಕ್ಕದ ಲಾರಿ ಪಂಚರ್ ಅಂಗಡಿಗೆ ತಗೊಂಡು ಹೋದೆ. ಸೈಕಲ್ಲಿನ ಸಣ್ಣ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ತಿರುಗಿಸಿ ಕೊಟ್ಟೆ. "ಇದರೊಳಗೆ ಟ್ಯೂಬೇ ಇಲ್ವಾ ಸಾರ್?" ಅಂತ ಎರಡು ಸಲ ಕೇಳಿ, ಅಣ್ಣ ಕಂಪ್ರೆಸರ್ ಪೈಪ್ ಒತ್ತಿದರು. ಟಪ್ ಟಪ್ ಅಂತ ಎರಡು ಸದ್ದು, ಟೈರ್ ಸುತ್ತಲೂ ಸಮನಾಗಿ ಕೂತಿತ್ತು. ಆ ಅಡಾಪ್ಟರ್ ಬ್ಯಾಗಲ್ಲಿ ಯಾವಾಗಲೂ ಇರಲಿ.

ಜಾಸ್ತಿ ದುಡ್ಡು ಹೋಗಿದ್ದು ಗೇರಿಗೆ. ಸೈಕಲ್ ಜೊತೆ ಬಂದಿದ್ದು ಮುಂದೆ ಪೆಡಲ್ ಹತ್ತಿರ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗಿನ ಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್. ದೇವರಾಯನದುರ್ಗದ ಕೊನೆಯ ಏರಿನಲ್ಲಿ ಅದು ಮಂಡಿ ಹಿಂಡುತ್ತಿತ್ತು. ಈಗ ಮುಂದೆ ಒಂದೇ 40 ಹಲ್ಲಿನ ಚಕ್ರ, ಹಿಂದೆ ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್, 10 ಗೇರ್, 11-48. ಎಲ್ಲಕ್ಕಿಂತ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ಲಿನ ಹಿಂದಿನ ಚಕ್ರ 0.83 ಸುತ್ತು ತಿರುಗುತ್ತದೆ, ಮೊದಲು 1.06 ಇತ್ತು. ಏರಿನಲ್ಲಿ ಕೂತೇ ಹೋಗಬಹುದು. ಇಳಿಜಾರಿನಲ್ಲಿ 43-44ರ ವೇಗ ದಾಟಿದರೆ ಕಾಲು ಸುಮ್ನೆ ತಿರುಗುತ್ತದೆ, ನನಗೆ ಅದು ಸಾಕು. ಶಿಮಾನೋ ಕಂಪನಿಯ ಶಿಫ್ಟರ್ (ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಲಿವರ್) ಇದಕ್ಕೆ ಹೊಂದುವುದಿಲ್ಲ. ಹಾಗಾಗಿ ಶಿಫ್ಟರ್, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್, ಕ್ಯಾಸೆಟ್ ಮೂರೂ ಒಟ್ಟಿಗೆ ತಗೊಳ್ಳಬೇಕು.

ಡಿರೇಲರಿನಲ್ಲಿರುವ ಕ್ಲಚ್ ಚೈನನ್ನು ಬಿಗಿಯಾಗಿ ಹಿಡಿದಿರುತ್ತದೆ, ಗುಂಡಿಯಲ್ಲಿ ಚೈನ್ ಬೀಳುವುದು ನಿಂತಿದೆ. ಆದರೆ ಸುಗ್ಗಿ ಕಾಲದಲ್ಲಿ ಹುಷಾರು. ರಸ್ತೆ ಮೇಲೆ ಒಕ್ಕಣೆಗೆ ಹಾಸಿದ ಹುರುಳಿ ಗಿಡ ಹಗ್ಗದ ಹಾಗೆ ಕ್ಯಾಸೆಟ್ಟಿಗೆ ಸುತ್ತಿಕೊಳ್ಳುತ್ತದೆ. ಕೊರಟಗೆರೆ ದಾರಿಯಲ್ಲಿ ಒಮ್ಮೆ ಕಡ್ಡಿ ಕಡ್ಡಿ ಬಿಡಿಸಿ ತೆಗೆಯಲು ಕಾಲು ಗಂಟೆ ಹಿಡಿಯಿತು. ಈಗ ಅಂಥ ಕಡೆ ಇಳಿದು, ಹಿಂದಿನ ಚಕ್ರ ಎತ್ತಿಕೊಂಡು ದಾಟುತ್ತೇನೆ.

ಬ್ರೇಕ್ ಟಿಆರ್‌ಪಿ ಸ್ಪೈರ್, ಕೇಬಲ್ಲಿನದೇ. ಸಾಮಾನ್ಯ ಕೇಬಲ್ ಡಿಸ್ಕಿನಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಬಂದು ಡಿಸ್ಕನ್ನು ಆಚೆ ತಳ್ಳುತ್ತದೆ, ಇದರಲ್ಲಿ ಎರಡೂ ಕಡೆಯಿಂದ ಬಂದು ಹಿಡಿಯುತ್ತವೆ. ದುರ್ಗದಿಂದ ಇಳಿಯುವಾಗ ಎರಡು ಬೆರಳು ಸಾಕು.

ಸೀಲೆಂಟ್ ಮಾತ್ರ ಮರೆಯಬೇಡಿ. ಶಿವರಾತ್ರಿ ಕಳೆದ ಮೇಲಿನ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ 40-50 ಮಿ.ಲೀ. ಹಾಕುತ್ತೇನೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. ಕಲ್ಲು ತಾಗಿ ಟೈರಿನ ಪಕ್ಕ ಸೀಳಿದರೆ ಸೀಲೆಂಟ್ ತಡೆಯುವುದಿಲ್ಲ, ಅದಕ್ಕೆ ಒಂದು ಟ್ಯೂಬ್ ಜೊತೆಗಿರಲಿ. ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ನಿಧಾನಕ್ಕೆ ಬೆರಳಾಡಿಸಿ ನೋಡಿ. ಸೀಲೆಂಟ್ ಸದ್ದಿಲ್ಲದೆ ಮುಚ್ಚಿಟ್ಟ ಹಳೇ ಮುಳ್ಳುಗಳು ಅಲ್ಲೇ ಇರುತ್ತವೆ. ನನಗೆ ಒಮ್ಮೆ ಹಿಂದಿನ ಟೈರ್ ಒಂದರಲ್ಲೇ ಏಳು ಸಿಕ್ಕವು.